ಮೂರು ತಿಂಗಳು ಮುಟ್ಟದವನು ಬಸ್ ಸ್ಟ್ಯಾಂಡಿನಲ್ಲಿ ಸೋತದ್ದೇಕೆ? ಮಿದುಳಿನ ನೆನಪು ಮತ್ತು ಮರುಕಳಿಸುವ ಚಟ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಈಗ ನಲವತ್ತೆರಡು ವರ್ಷ. ಹದಿನಾಲ್ಕು ವರ್ಷಗಳ ಕುಡಿತವನ್ನು ಬಿಡಿಸಬೇಕೆಂದು ಕಳೆದ ವರ್ಷ ಅವನನ್ನು ದೂರದ ಊರಿನ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆವು. ಅಲ್ಲಿ ಮೂರು ತಿಂಗಳು ಒಂದು ಹನಿಯನ್ನೂ ಮುಟ್ಟಲಿಲ್ಲ. ಮನೆಗೆ ಬಂದಾಗ ಮುಖದಲ್ಲಿ ಕಳೆ ಬಂದಿತ್ತು, ಕೈ ನಡುಕ ನಿಂತಿತ್ತು. ಅಮ್ಮನ ಮುಂದೆ, ಅತ್ತಿಗೆಯ ಮುಂದೆ ಕುಳಿತು “ಈಗ ನನಗೆ ಅದರ ಆಸೆಯೇ ಇಲ್ಲ” ಎಂದ. ಆಗ ಅವನು ಸುಳ್ಳು ಹೇಳಲಿಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ.

ಒಂಬತ್ತನೆಯ ದಿನ ಸಂಜೆ ಮಗಳಿಗೆ ನೋಟ್‌ಬುಕ್ ತರಲು ಬಸ್ ಸ್ಟ್ಯಾಂಡಿನ ಕಡೆಗೆ ಹೋದವನು ಕುಡಿದು ಬಂದ. ಜಗಳವಾಗಿರಲಿಲ್ಲ, ಕೆಟ್ಟ ಸುದ್ದಿಯೇನೂ ಬಂದಿರಲಿಲ್ಲ, ಯಾರೂ ಕರೆದಿರಲಿಲ್ಲ. ಮರುದಿನ ಕೇಳಿದಾಗ, ಎಗ್ ರೈಸ್ ಗಾಡಿಯ ಹೊಗೆ ಮೂಗಿಗೆ ಬಡಿದದ್ದು, ಮೊದಲೆಲ್ಲ ಕೆಲಸ ಮುಗಿಸಿ ಬಸ್ಸಿಳಿಯುತ್ತಿದ್ದದ್ದೂ ಅದೇ ಹೊತ್ತಿಗೆ ಎಂಬುದು, ಪಕ್ಕದ ಬಾರಿನ ಬೋರ್ಡಿಗೆ ದೀಪ ಹತ್ತಿದ್ದು, ಇಷ್ಟು ಮಾತ್ರ ನೆನಪಿದೆ ಎಂದ. “ಕಾಲೇ ಕರೆದುಕೊಂಡು ಹೋಯಿತು” ಎಂದ. ಅತ್ತಿಗೆ ಅದನ್ನು ನೆಪವೆಂದರು. ಅಮ್ಮ ಯಾರೋ ಏನೋ ಮಾಡಿಸಿದ್ದಾರೆ ಎನ್ನುತ್ತಾರೆ. ಮೂರು ತಿಂಗಳಲ್ಲಿ ಆರಿಹೋದಂತೆ ಕಂಡದ್ದು ಮೂರು ನಿಮಿಷದಲ್ಲಿ ಮತ್ತೆ ಹೊತ್ತಿಕೊಳ್ಳುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ನರವಿಜ್ಞಾನದ ವಿದ್ಯಾರ್ಥಿ:

ಅಕ್ಕ, ನಿಮ್ಮ ಅಣ್ಣನವರ “ಕಾಲೇ ಕರೆದುಕೊಂಡು ಹೋಯಿತು” ಎಂಬ ಮಾತನ್ನು ನಾನು ನೆಪವೆಂದು ತೆಗೆದುಕೊಳ್ಳುವುದಿಲ್ಲ. ಮಿದುಳಿನಲ್ಲಿ ನಡೆಯುವುದಕ್ಕೆ ಅದು ಬಹಳ ಹತ್ತಿರದ ವರ್ಣನೆ.

ಇದನ್ನು ಮೊದಲು ಗಂಭೀರವಾಗಿ ಗಮನಿಸಿದವರಲ್ಲಿ ಅಬ್ರಹಾಂ ವಿಕ್ಲರ್ ಎಂಬ ವೈದ್ಯರು ಮುಖ್ಯರು. 1940ರ ದಶಕದಲ್ಲಿ ಅವರು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಅಫೀಮು ಜಾತಿಯ ವಸ್ತುಗಳಿಗೆ ದಾಸರಾದವರ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ತಿಂಗಳುಗಟ್ಟಲೆ ಮಾದಕ ವಸ್ತು ಮುಟ್ಟದೆ ಆರೋಗ್ಯವಾಗಿದ್ದ ರೋಗಿಗಳು ಒಟ್ಟಿಗೆ ಕುಳಿತು ಆ ವಸ್ತುವಿನ ಮಾತೆತ್ತಿದರೆ ಸಾಕು, ಆಕಳಿಸುತ್ತಿದ್ದರು, ಕಣ್ಣಲ್ಲಿ ನೀರೂರುತ್ತಿತ್ತು, ಮೂಗು ಸೋರುತ್ತಿತ್ತು. ಅದನ್ನು ಬಿಟ್ಟ ಮೊದಲ ವಾರದಲ್ಲಿ ಕಾಣುವ ಲಕ್ಷಣಗಳು ಬರಿಯ ಮಾತಿನಿಂದ ಮರಳುತ್ತಿದ್ದವು. ದೇಹದಿಂದ ವಸ್ತು ಹೊರಗೆ ಹೋಗಿದ್ದರೂ ಅದರ ಕಲಿಕೆ ಒಳಗೇ ಉಳಿದಿತ್ತು.

ಆ ಕಲಿಕೆಯ ಅಂಗರಚನೆ ನಂತರದ ದಶಕಗಳಲ್ಲಿ ತಿಳಿಯಿತು. ನಡುಮಿದುಳಿನಲ್ಲಿ ವಿಟಿಎ ಎಂದು ಕರೆಯುವ ಒಂದು ಚಿಕ್ಕ ಭಾಗವಿದೆ. ಅಲ್ಲಿಯ ನರಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ಮುಂಭಾಗದ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಜಾಗಕ್ಕೆ ಕಳಿಸುತ್ತವೆ. ಡೋಪಮೀನ್ ಎಂದರೆ ಸುಖದ ರಸ ಎಂದು ಪತ್ರಿಕೆಗಳಲ್ಲಿ ಬರೆಯುವುದು ರೂಢಿಯಾಗಿದೆ, ಅದು ಅರ್ಧ ಸರಿ ಕೂಡ ಅಲ್ಲ. ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹಣ್ಣಿನ ರಸದ ಹನಿ ಅನಿರೀಕ್ಷಿತವಾಗಿ ಸಿಕ್ಕಾಗ ಈ ಕೋಶಗಳು ಮಿಡಿದವು. ರಸಕ್ಕೆ ಮುನ್ನ ಪ್ರತಿಸಲವೂ ಒಂದು ದೀಪ ಬೆಳಗುತ್ತದೆ ಎಂದು ಕೋತಿ ಕಲಿತ ಮೇಲೆ ಮಿಡಿತ ರಸದಿಂದ ದೀಪಕ್ಕೆ ಸರಿಯಿತು. ದೀಪ ಬೆಳಗಿಯೂ ರಸ ಬರದಿದ್ದರೆ ಮಿಡಿತ ಎಂದಿನ ಮಟ್ಟಕ್ಕಿಂತಲೂ ಕೆಳಗಿಳಿಯಿತು. ಅಂದರೆ ಈ ಕೋಶಗಳು ಕಲಿಸುವ ಗುರುಗಳು. ‘ಅಂದುಕೊಂಡದ್ದಕ್ಕಿಂತ ಹೆಚ್ಚು ಸಿಕ್ಕಿತು, ಇದಕ್ಕೆ ಮುನ್ನ ಏನೇನು ಕಂಡೆಯೋ ಅದನ್ನೆಲ್ಲ ನೆನಪಿಟ್ಟುಕೋ’ ಎಂಬುದು ಅವುಗಳ ಪಾಠ. ಮದ್ಯ, ಹೆರಾಯಿನ್, ಕೊಕೇನ್, ನಿಕೋಟಿನ್ ಬೇರೆಬೇರೆ ದಾರಿಯಿಂದ ಬಂದು ಇದೇ ವ್ಯವಸ್ಥೆಯನ್ನು ತಟ್ಟುತ್ತವೆ. ಊಟದ ಸುಖ ಅಭ್ಯಾಸವಾದಂತೆ ಆ ಪಾಠ ನಿಲ್ಲುತ್ತದೆ, ಮಾದಕ ವಸ್ತು ಮಾತ್ರ ರಾಸಾಯನಿಕ ಬಲದಿಂದ ಪ್ರತಿಸಲವೂ ಅದೇ ಪಾಠವನ್ನು ಒತ್ತಿ ಬರೆಯಿಸುತ್ತದೆ.

ನಿಮ್ಮ ಬಸ್ ಸ್ಟ್ಯಾಂಡಿನ ದೀಪವೂ ಎಗ್ ರೈಸಿನ ಹೊಗೆಯೂ ಆ ಕೋತಿಯ ದೀಪದಂತೆಯೇ ಕೆಲಸ ಮಾಡಿವೆ. ಹದಿನಾಲ್ಕು ವರ್ಷ ದಿನವೂ ಅಲ್ಲಿ ಪಾಠವಾಗಿದೆ.

ನೆನಪು ಕೂರುವುದು ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ನರಸಂಧಿಗಳಲ್ಲಿ. ಹೆಚ್ಚು ಬಳಕೆಯಾದ ಸಂಧಿ ಬಲಗೊಳ್ಳುತ್ತದೆ. ನಾವು ಮಗ್ಗಿ ಕಲಿಯುವಾಗಲೂ ಇದೇ ಆಗುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಲಿಗೆ ಒಂದೇ ಒಂದು ಸಲ ಕೊಕೇನ್ ಕೊಟ್ಟರೂ ವಿಟಿಎಯ ಡೋಪಮೀನ್ ಕೋಶಗಳ ಸಂಧಿಗಳು ಬಲಗೊಂಡು ಐದು ದಿನವಾದರೂ ಹಾಗೇ ಇದ್ದವು, ಹತ್ತನೆಯ ದಿನಕ್ಕೆ ಸರಿಹೋಗಿದ್ದವು. ಎರಡು ವರ್ಷಗಳ ನಂತರ ಅದೇ ಸಂಶೋಧಕರ ಬಳಗ ಮದ್ಯ, ನಿಕೋಟಿನ್, ಮಾರ್ಫಿನ್‌ಗಳಿಂದಲೂ ಅದೇ ಬದಲಾವಣೆಯಾಗುವುದನ್ನು ತೋರಿಸಿತು. ಯಾವ ಮಾದಕ ವಸ್ತುವನ್ನೂ ಕೊಡದೆ ಇಲಿಯನ್ನು ತಣ್ಣೀರಿನಲ್ಲಿ ಈಜಿಸಿ ಒತ್ತಡಕ್ಕೆ ಒಳಪಡಿಸಿದಾಗಲೂ ಅದೇ ಸಂಧಿಗಳು ಬಲಗೊಂಡವು. ಮನೆಯಲ್ಲಿ ಗದ್ದಲವಾದ ದಿನವೇ ಕುಡಿತ ಮರುಕಳಿಸುವುದನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳಿ ಮೇಷ್ಟ್ರು:

ತಮ್ಮಾ, ನಿನ್ನ ವಿವರಣೆಯನ್ನು ಗೌರವದಿಂದ ಓದಿದೆ. ಆದರೂ ಒಂದು ಆಕ್ಷೇಪವಿದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿದ್ದವನು ನಾನು. ಸಾರಾಯಿ ಪ್ಯಾಕೆಟ್ಟಿನ ಕಾಲದಲ್ಲಿ ಮಕ್ಕಳು ಹಸಿದು ಶಾಲೆಗೆ ಬರುತ್ತಿದ್ದದ್ದನ್ನೂ ಕಂಡಿದ್ದೇನೆ, 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಅದೇ ಅಪ್ಪಂದಿರು ಬೇರೆ ಬಾಟಲಿಗೆ ಹೋದದ್ದನ್ನೂ ಕಂಡಿದ್ದೇನೆ. ಅವರ ನಡುವೆಯೇ ಮಾಲೆ ಹಾಕಿದ ವರ್ಷದಿಂದ, ಇಲ್ಲವೇ ಮಗಳ ಮದುವೆ ಗೊತ್ತಾದ ದಿನದಿಂದ, ಪೂರ್ತಿ ಬಿಟ್ಟವರೂ ಇದ್ದಾರೆ. ಅವರ ಮಿದುಳಿನಲ್ಲಿ ಸಂಧಿಗಳು ಇರಲಿಲ್ಲವೇ? ಎಲ್ಲವೂ ನರಕೋಶದ ಕೆಲಸವೆಂದರೆ ಮನುಷ್ಯನ ಹೊಣೆ ಎಲ್ಲಿ ಉಳಿಯಿತು? ಈ ತಾಯಿಯ ಅತ್ತಿಗೆ ಹದಿನಾಲ್ಕು ವರ್ಷ ಪಟ್ಟ ಕಷ್ಟಕ್ಕೆ ಡೋಪಮೀನ್ ಉತ್ತರ ಕೊಡುತ್ತದೆಯೇ? ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ಬಿದ್ದಿದ್ದ ಅಮೆರಿಕದ ಸೈನಿಕರು ಊರಿಗೆ ಮರಳಿದ ಮೇಲೆ ಸುಮ್ಮನೆ ಬಿಟ್ಟುಬಿಟ್ಟರೆಂದು ಎಲ್ಲೋ ಓದಿದ ನೆನಪು. ಅದಕ್ಕೇನು ಹೇಳುತ್ತೀ?

ನರವಿಜ್ಞಾನದ ವಿದ್ಯಾರ್ಥಿ:

ಮೇಷ್ಟ್ರೇ, ವಿಯೆಟ್ನಾಂ ಪ್ರಸಂಗವನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಈ ಇಡೀ ಚರ್ಚೆಯ ಕೀಲಿ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

1971ರಲ್ಲಿ ಅಮೆರಿಕದ ಸರ್ಕಾರ ಲೀ ರಾಬಿನ್ಸ್ ಎಂಬ ಸಮಾಜವಿಜ್ಞಾನಿಗೆ ಆ ಸೈನಿಕರ ಅಧ್ಯಯನವನ್ನು ವಹಿಸಿತು. ವಿಯೆಟ್ನಾಂನಲ್ಲಿದ್ದಾಗ ಐವರಲ್ಲಿ ಒಬ್ಬರಷ್ಟು ಸೈನಿಕರು ಹೆರಾಯಿನ್ ಅಥವಾ ಅಫೀಮಿಗೆ ದಾಸರಾಗಿದ್ದರು. ಹಾಗೆ ದಾಸರಾಗಿದ್ದವರಲ್ಲಿ ಊರಿಗೆ ಮರಳಿದ ಮೊದಲ ವರ್ಷ ಮತ್ತೆ ದಾಸರಾದವರು ಶೇ 5ರಷ್ಟು ಮಾತ್ರ, ಮೂರು ವರ್ಷಗಳ ಲೆಕ್ಕ ಹಿಡಿದರೂ ಶೇ 12ರಷ್ಟು. ಅವರೆಲ್ಲರ ಸಂಕಲ್ಪ ಒಮ್ಮೆಗೇ ಗಟ್ಟಿಯಾಯಿತೇ? ಅಗ್ಗದ ಹೆರಾಯಿನ್, ಸಾವಿನ ಭಯ, ಬೇಸರದ ಬಿಡಾರ, ಜೊತೆಗೆ ಸೇದುವ ಗೆಳೆಯರು, ಎಲ್ಲವೂ ಸಮುದ್ರದ ಆಚೆ ಉಳಿದವು. ಕಲಿತ ಪಾಠವನ್ನು ನೆನಪಿಸುವ ಒಂದು ದೀಪವೂ ಅವರ ಹುಟ್ಟೂರಿನಲ್ಲಿ ಇರಲಿಲ್ಲ. ಈ ಅಕ್ಕನ ಅಣ್ಣನವರಿಗೆ ಆದದ್ದು ಇದರ ತದ್ವಿರುದ್ಧ. ದೀಪಗಳಿಲ್ಲದ ಊರಿನಲ್ಲಿ ಮೂರು ತಿಂಗಳು ಇದ್ದರು, ಗುಣವಾದರು ಎಂದುಕೊಂಡರು, ಮತ್ತೆ ದೀಪಗಳ ನಡುವೆಯೇ ಇಳಿದರು. ಸೈನಿಕರು ತಪ್ಪಿಸಿಕೊಂಡದ್ದೂ ಇವರು ಸಿಕ್ಕಿಬಿದ್ದದ್ದೂ ಒಂದೇ ನಿಯಮದ ಎರಡು ಮುಖಗಳು.

ಇನ್ನೊಂದು ವಿಷಯವನ್ನು ಮನೆಯವರು ತಿಳಿದಿರಲೇಬೇಕು. ದಿನ ಕಳೆದಂತೆ ಬಯಕೆ ತಾನಾಗಿ ಇಳಿಯುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. 2001ರಲ್ಲೇ ಬಂದ ಮತ್ತೊಂದು ಅಧ್ಯಯನದಲ್ಲಿ ಇಲಿಗಳು ಸನ್ನೆಗೋಲನ್ನು (ಲಿವರ್) ಒತ್ತಿ ಕೊಕೇನ್ ಪಡೆಯಲು ಕಲಿತಿದ್ದವು. ನಂತರ ವಸ್ತುವನ್ನು ನಿಲ್ಲಿಸಿ, ಬೇರೆಬೇರೆ ದಿನಗಳಾದ ಮೇಲೆ ಅವನ್ನು ಅದೇ ಪೆಟ್ಟಿಗೆಗೆ ಬಿಟ್ಟು ನೋಡಿದರು. ಕೊಕೇನ್ ಸಿಗುವುದಿಲ್ಲ, ಅದರ ಜೊತೆಗೆ ಬರುತ್ತಿದ್ದ ಹಳೆಯ ಸೂಚನೆ ಮಾತ್ರ ಇದೆ. ಬಿಟ್ಟ ಮರುದಿನಕ್ಕಿಂತ ವಾರದ ನಂತರ, ವಾರಕ್ಕಿಂತ ತಿಂಗಳ ನಂತರ, ಎರಡು ತಿಂಗಳವರೆಗೂ ಸನ್ನೆಗೋಲು ಒತ್ತುವುದು ಹೆಚ್ಚುತ್ತಲೇ ಹೋಯಿತು. ಕಾವಿಗೆ ಕೂತ ಮೊಟ್ಟೆಯಂತೆ ಬಯಕೆ ಒಳಗೊಳಗೇ ಬೆಳೆಯುತ್ತದೆ. 2008ರಲ್ಲಿ ಅದರ ಒಂದು ಕಾರಣ ಸಿಕ್ಕಿತು. ಬಿಟ್ಟು ಒಂದೂವರೆ ತಿಂಗಳಾಗುವ ಹೊತ್ತಿಗೆ ನ್ಯೂಕ್ಲಿಯಸ್ ಅಕಂಬೆನ್ಸ್‌ನ ಸಂಧಿಗಳಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕದ ಸಂದೇಶವನ್ನು ಹಿಡಿಯುವ ಗ್ರಾಹಕಗಳ ಬಗೆಯೇ ಬದಲಾಗಿತ್ತು. ಕ್ಯಾಲ್ಸಿಯಂ ಅನ್ನು ಒಳಗೆ ಬಿಡುವ ಹೊಸ ಬಗೆಯ ಗ್ರಾಹಕಗಳು ಅಲ್ಲಿ ಬಂದು ಕೂತು, ಚಿಕ್ಕ ಸೂಚನೆಗೂ ಕೋಶಗಳು ಜೋರಾಗಿ ಸ್ಪಂದಿಸುವಂತೆ ಮಾಡಿದ್ದವು. ಅವನ್ನು ತಡೆದಾಗ ಇಲಿಗಳ ಹುಡುಕಾಟವೂ ಇಳಿಯಿತು.

ಮನುಷ್ಯರ ಬಗ್ಗೆ 2016ರಲ್ಲಿ ಬಂದ ಅಧ್ಯಯನ ನನ್ನನ್ನು ಬಹಳ ಕಾಡಿದೆ. ಕೊಕೇನ್ ಬಿಟ್ಟು ಎರಡು ದಿನದಿಂದ ಒಂದು ವರ್ಷದವರೆಗೆ ಆಗಿದ್ದವರಿಗೆ ಕೊಕೇನ್‌ಗೆ ಸಂಬಂಧಿಸಿದ ಚಿತ್ರಗಳನ್ನು ತೋರಿಸಿ, ತಲೆಯ ಮೇಲಿನ ತಂತಿಗಳಿಂದ ಮಿದುಳಿನ ವಿದ್ಯುತ್ ಸ್ಪಂದನವನ್ನು ಅಳೆದರು. ಬಿಟ್ಟು ಹೆಚ್ಚು ದಿನವಾದವರಲ್ಲಿ ಅವರೇ ಹೇಳಿದ ಆಸೆ ಕಡಿಮೆ ಇತ್ತು. ಮಿದುಳಿನ ಸ್ಪಂದನವೋ, ಒಂದರಿಂದ ಆರು ತಿಂಗಳಾದವರಲ್ಲಿ ಎಲ್ಲರಿಗಿಂತ ಹೆಚ್ಚಿದ್ದು, ವರ್ಷ ಕಳೆದವರಲ್ಲಿ ಕಡಿಮೆಯಾಗಿತ್ತು. ಅಕ್ಕ, “ಆಸೆಯೇ ಇಲ್ಲ” ಎಂದ ನಿಮ್ಮ ಅಣ್ಣನವರು ಪ್ರಾಮಾಣಿಕವಾಗಿಯೇ ಮಾತನಾಡಿರಬೇಕು. ಅವರ ಮಿದುಳು ತನ್ನ ಗುಟ್ಟನ್ನು ಅವರಿಗೂ ಹೇಳಿರಲಿಲ್ಲ.

ಹೊಣೆಯ ಪ್ರಶ್ನೆಗೆ ಬರುತ್ತೇನೆ, ಮೇಷ್ಟ್ರೇ. ಬಾರಿನ ಎದುರು ನಿಂತ ಆ ಮೂರು ನಿಮಿಷದಲ್ಲಿ ತಡೆಯುವ ಕೆಲಸ ಹಣೆಯ ಹಿಂಭಾಗದ ಪ್ರಿಫ್ರಾಂಟಲ್ ಕಾರ್ಟೆಕ್ಸ್‌ನದು, ವರ್ಷಗಳ ಕುಡಿತದಿಂದ ದುರ್ಬಲವಾಗಿರುವ ಭಾಗವೂ ಅದೇ. ಆದ್ದರಿಂದ ಹೊಣೆಯನ್ನು ಆ ಮೂರು ನಿಮಿಷದಿಂದ ಹಿಂದಕ್ಕೆ, ಸಂಜೆ ಯಾವ ದಾರಿ ಹಿಡಿಯಬೇಕು ಎಂದು ಬೆಳಿಗ್ಗೆಯೇ ತೀರ್ಮಾನಿಸುವ ಹೊತ್ತಿಗೆ ತರಬೇಕು. ಆ ಹೊತ್ತಿನ ಹೊಣೆಯನ್ನು ನಾನು ಯಾರ ಹೆಗಲಿನಿಂದಲೂ ಇಳಿಸುವುದಿಲ್ಲ. ಮಾಲೆ ಹಾಕಿದವರು ಬಿಟ್ಟದ್ದರಲ್ಲಿಯೂ ಸಂಕಲ್ಪದ ಜೊತೆಗೆ ಬೇರೆ ಬಟ್ಟೆ, ಬೇರೆ ಊಟ, ಬೇರೆ ಸಂಗ, ಬೇರೆ ದಿನಚರಿ ಇದ್ದವು ಎಂಬುದನ್ನು ಗಮನಿಸಬೇಕು.

ಹನ್ನೊಂದು ವರ್ಷ:

ನಾನು ಕುಡಿತ ಬಿಟ್ಟು ಹನ್ನೊಂದು ವರ್ಷವಾಯಿತು. ಅದಕ್ಕೆ ಮುನ್ನ ನಾಲ್ಕು ಸಲ ಬಿಟ್ಟು ನಾಲ್ಕು ಸಲ ಬಿದ್ದಿದ್ದೆ. ಇಲ್ಲಿ ಬರೆದಿರುವುದು ನಿಜ ಎಂದು ಹೇಳಲು ಬಂದಿದ್ದೇನೆ.

ಮೂರನೆಯ ಸಲ ಒಂದು ವರ್ಷ ಎರಡು ತಿಂಗಳು ಮುಟ್ಟಿರಲಿಲ್ಲ. ನಂಟರ ಮನೆಯ ಬೀಗರ ಊಟಕ್ಕೆ ಹೋಗಿದ್ದೆ. ಶಾಮಿಯಾನದ ಹಿಂದೆ, ತೆಂಗಿನ ಮರದ ಬುಡದಲ್ಲಿ, ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿದ ಸದ್ದು ಕೇಳಿಸಿತು. ಯಾರ ಮುಖವನ್ನೂ ನೋಡಿರಲಿಲ್ಲ, ವಾಸನೆಯೂ ಬಂದಿರಲಿಲ್ಲ. ಬಾಯಲ್ಲಿ ನೀರೂರಿತು, ಎದೆ ಬಡಿಯಿತು, ಅಂಗೈ ಬೆವೆತಿತು. ಆ ಕ್ಷಣ ನನಗೆ ಕುಡಿಯುವ ಸುಖ ನೆನಪಾಗಲಿಲ್ಲ. ಹೊಟ್ಟೆ ಹಸಿದಂತೆ, ಉಸಿರು ಕಟ್ಟಿದಂತೆ ಏನೋ ಒಂದು ಬೇಕೇ ಬೇಕಾಯಿತು. ಕುಡಿದದ್ದರಲ್ಲಿ ಸುಖವೂ ಇರಲಿಲ್ಲ. ಬೇಕು ಎನ್ನುವುದು ಇಷ್ಟ ಎನ್ನುವುದರಿಂದ ಪೂರ್ತಿ ಬೇರೆಯಾಗಿ ನಿಲ್ಲುತ್ತದೆ ಎಂಬುದನ್ನು ನಾನು ಅಂದು ಕಂಡೆ.

ಈಗಲೂ ವರ್ಷತೊಡಕಿನ ದಿನ ನಾನು ಊರಿನಲ್ಲಿ ಇರುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗುತ್ತೇನೆ. ಹನ್ನೊಂದು ವರ್ಷವಾದರೂ ಇನ್ನೂ ಹೆದರುತ್ತೀಯಾ ಎಂದು ತಮ್ಮ ಕೇಳುತ್ತಾನೆ. ಹೌದು, ಹೆದರುತ್ತೇನೆ. ಆ ಹೆದರಿಕೆ ನನ್ನನ್ನು ಕಾಪಾಡಿದೆ. ತಂಗಿ, ನಿಮ್ಮ ಅಣ್ಣನಿಗೆ ಒಂದು ಮಾತು ಮುಟ್ಟಿಸಿ. ಬಿದ್ದ ರಾತ್ರಿಗಿಂತ ಮರುದಿನದ ಬೆಳಿಗ್ಗೆ ಅಪಾಯ ಹೆಚ್ಚು. “ಹೇಗೂ ಕೆಟ್ಟೆನಲ್ಲ, ಇನ್ನೇನು” ಎಂಬ ಯೋಚನೆ ನನ್ನನ್ನು ಒಂದು ಲೋಟದಿಂದ ಎಂಟು ತಿಂಗಳಿಗೆ ಎಳೆದುಕೊಂಡು ಹೋಗಿತ್ತು. ಮನೆಯವರು ಆ ಬೆಳಿಗ್ಗೆ ಒಂದು ಲೋಟ ಕಾಫಿ ಕೊಟ್ಟು ಆಸ್ಪತ್ರೆಗೆ ಜೊತೆಯಲ್ಲಿ ಹೋದರೆ ಎಂಟು ತಿಂಗಳು ಉಳಿಯಬಹುದು.

ಸಮಾಲೋಚಕಿ:

ನಾನು ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜಕಾರ್ಯ ಮಾಡುವವಳು. ಮನೆಗಳಲ್ಲಿ ನಡೆಯುವ ಕೆಲವು ಸಂಗತಿಗಳನ್ನು ಹೇಳಲೇಬೇಕಾಗಿದೆ.

ಕೇಂದ್ರದಲ್ಲಿ ಕಳೆದ ದಿನಗಳು ಹಳೆಯ ನೆನಪನ್ನು ಅಳಿಸುವುದಿಲ್ಲ. ‘ಸೂಚನೆ ಬಂದರೂ ಇಲ್ಲಿ ವಸ್ತು ಇಲ್ಲ’ ಎಂಬ ಹೊಸ ಪಾಠವನ್ನು ಹಳೆಯದರ ಪಕ್ಕದಲ್ಲಿ ಬರೆಯುತ್ತವೆ, ಅಷ್ಟೇ. ನಾಯಿಗಳ ಮೇಲೆ ಕಲಿಕೆಯ ಪ್ರಯೋಗ ಮಾಡಿದ ರಷ್ಯಾದ ಪಾವ್ಲೋವ್ ಅವರ ಕಾಲದಿಂದಲೂ ಇದರ ಸುಳಿವಿತ್ತು, ಮನೋವಿಜ್ಞಾನಿ ಮಾರ್ಕ್ ಬೌಟನ್ ಅವರ ಪ್ರಯೋಗಗಳು ಇದನ್ನು ಸ್ಪಷ್ಟಗೊಳಿಸಿದವು. ತೊಡಕೆಂದರೆ ಹಳೆಯ ಪಾಠ ಎಲ್ಲ ಊರಿನಲ್ಲೂ ನೆನಪಾಗುತ್ತದೆ, ಹೊಸ ಪಾಠ ಮಾತ್ರ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಕೇಂದ್ರದ ಕಾಂಪೌಂಡಿನ ಒಳಗೆ ಕಲಿತದ್ದು ಬಸ್ ಸ್ಟ್ಯಾಂಡಿನಲ್ಲಿ ಕೈಕೊಡುವುದು ಇದಕ್ಕಾಗಿ. ಆದ್ದರಿಂದ ಮನೆಗೆ ಬಂದ ನಂತರದ ತಿಂಗಳುಗಳೇ ನಿಜವಾದ ಚಿಕಿತ್ಸೆಯ ಕಾಲ ಎಂದು ನಾನು ಪ್ರತಿ ಕುಟುಂಬಕ್ಕೂ ಹೇಳುತ್ತೇನೆ. ಬಹುತೇಕರು ಬಿಡುಗಡೆಯ ದಿನವನ್ನೇ ಕೊನೆಯ ದಿನವೆಂದು ತಿಳಿದು ಮತ್ತೆ ಬರುವುದಿಲ್ಲ, ಅದು ನನ್ನ ದೊಡ್ಡ ನೋವು.

ನೆನಪನ್ನೇ ತಿದ್ದುವ ಪ್ರಯತ್ನಗಳೂ ನಡೆದಿವೆ. ನೆನಪೊಂದನ್ನು ಕೆದಕಿದಾಗ ಅದು ಕೆಲವು ಗಂಟೆಗಳ ಕಾಲ ಹಸಿಯಾಗಿದ್ದು ಮತ್ತೆ ಗಟ್ಟಿಯಾಗುತ್ತದೆ ಎಂಬ ಆಧಾರದ ಮೇಲೆ, ಚೀನಾದ ಸಂಶೋಧಕರು ಹೆರಾಯಿನ್ ಬಿಟ್ಟವರಿಗೆ ಐದು ನಿಮಿಷ ಹೆರಾಯಿನ್ ದೃಶ್ಯಗಳನ್ನು ತೋರಿಸಿ, ಹತ್ತು ನಿಮಿಷ ಬಿಟ್ಟು ಸೂಚನೆಗಳನ್ನು ಪದೇಪದೇ ತೋರಿಸಿ ಸಪ್ಪೆ ಮಾಡುವ ತರಬೇತಿಯನ್ನು ಕೊಟ್ಟರು. ಆರು ತಿಂಗಳಾದ ಮೇಲೂ ಅವರ ಬಯಕೆ ಕಡಿಮೆಯೇ ಇತ್ತು. ಅದೇ ತರಬೇತಿಯನ್ನು ಆರು ಗಂಟೆ ತಡವಾಗಿ ಕೊಟ್ಟವರಲ್ಲಿ ಆ ಲಾಭ ಕಾಣಲಿಲ್ಲ. 2012ರ ಈ ಕೆಲಸ ಆಶೆ ಹುಟ್ಟಿಸುತ್ತದೆ. ಆದರೂ ವಿಡಿಯೋ ತೋರಿಸಿ ಚಟ ಬಿಡಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಇದು ಇನ್ನೂ ಪ್ರಯೋಗದ ಹಂತದ ವಿಷಯ.

ಈಗ ಕೈಯಲ್ಲಿರುವ ಔಷಧಿಗಳೆಂದರೆ ಬಯಕೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದವು. ಯಕೃತ್ತಿನ, ಮೂತ್ರಪಿಂಡದ ಪರೀಕ್ಷೆ ಮಾಡಿಸಿಕೊಂಡು ವೈದ್ಯರು ಬರೆದುಕೊಟ್ಟರೆ ಮಾತ್ರ ಇವನ್ನು ತೆಗೆದುಕೊಳ್ಳಬೇಕು. ಡೈಸಲ್ಫಿರಾಮ್ ಬೇರೆ ಬಗೆಯದು, ಅದನ್ನು ನುಂಗಿದ ಮೇಲೆ ಮದ್ಯ ಸೇರಿದರೆ ಮೈ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ರೋಗಿಗೆ ತಿಳಿಯದಂತೆ ಸಾರಿನಲ್ಲಿ, ಕಾಫಿಯಲ್ಲಿ ಬೆರೆಸುವ ಪುಡಿಗಳನ್ನು ನಮ್ಮ ಅನೇಕ ತಾಯಂದಿರು ನಂಬುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದರಿಂದ ಪ್ರಾಣ ಹೋಗಬಹುದು, ಹಾಗೆ ಯಾವತ್ತೂ ಮಾಡಬೇಡಿ. ದಿನವೂ ಹೆಚ್ಚು ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಗೇ ನಿಲ್ಲಿಸುವುದೂ ಅಪಾಯ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಹುಟ್ಟಬಹುದು.

ಹೆರಾಯಿನ್‌ನಂಥ ವಸ್ತು ಬಿಟ್ಟವರ ಮನೆಯವರು ಇದನ್ನೂ ತಿಳಿದಿರಬೇಕು. ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ, ಮೊದಲು ತಡೆದುಕೊಳ್ಳುತ್ತಿದ್ದ ಪ್ರಮಾಣವೇ ಪ್ರಾಣ ತೆಗೆಯಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಬಂದ ಅಧ್ಯಯನದ ಪ್ರಕಾರ, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಉಳಿದ ನಿವಾಸಿಗಳಿಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು. ಅದಕ್ಕೆ ಮುಖ್ಯ ಕಾರಣ ಮಾದಕ ವಸ್ತುವಿನ ಅತಿಸೇವನೆ. ತಾಳಿಕೆಯಲ್ಲಿಯೂ ಜಾಗದ ನೆನಪು ಸೇರಿದೆ ಎಂಬುದನ್ನು ಕೆನಡಾದ ಮನೋವಿಜ್ಞಾನಿ ಶೆಪರ್ಡ್ ಸೀಗಲ್ 1982ರಲ್ಲಿ ತೋರಿಸಿದರು. ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೆ ದೊಡ್ಡ ಪ್ರಮಾಣವನ್ನು ಅಪರಿಚಿತ ಕೋಣೆಯಲ್ಲಿ ಕೊಟ್ಟಾಗ, ಪರಿಚಿತ ಕೋಣೆಯಲ್ಲಿ ಕೊಟ್ಟಾಗಿನದಕ್ಕಿಂತ ಸುಮಾರು ಎರಡು ಪಟ್ಟು ಇಲಿಗಳು ಸತ್ತವು.

ಮನೆಯವರು ಯಾವ ಹೊತ್ತಿನಲ್ಲಾದರೂ 14416 ಟೆಲಿ ಮಾನಸ್ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಹಳ್ಳಿ ಮೇಷ್ಟ್ರು:

ಹೊಣೆಯನ್ನು ಬೆಳಿಗ್ಗೆಗೆ ತರಬೇಕು ಎಂಬ ಮಾತು ನನಗೆ ಒಪ್ಪಿಗೆಯಾಯಿತು. ಇಷ್ಟು ವರ್ಷ ನಾನು ಸಂಜೆ ಬಾರಿನ ಮುಂದೆ ನಿಂತವರಿಗೆ ಬುದ್ಧಿ ಹೇಳುತ್ತಿದ್ದೆ. ಒಂದು ಸಂದೇಹ ಉಳಿದಿದೆ. ನಿಮ್ಮ ಪ್ರಯೋಗಗಳಲ್ಲಿ ಇಲಿ, ಕೊಕೇನ್ ಇವೇ ಹೆಚ್ಚು. ಅದನ್ನು ನಮ್ಮೂರಿನ ಕುಡುಕನಿಗೆ ನೇರವಾಗಿ ಅನ್ವಯಿಸಬಹುದೇ?

ನರವಿಜ್ಞಾನದ ವಿದ್ಯಾರ್ಥಿ:

ನೇರವಾಗಿ ಅನ್ವಯಿಸಬಾರದು, ಮೇಷ್ಟ್ರೇ. ಗ್ರಾಹಕಗಳ ಬದಲಾವಣೆಯನ್ನು ಕಂಡದ್ದು ಇಲಿಗಳಲ್ಲಿ, ಅದೂ ಕೊಕೇನ್‌ನಿಂದ. ಇಲಿಗೆ ಸಾಲವಿಲ್ಲ, ಅವಮಾನವಿಲ್ಲ, ಬೀಗರ ಊಟವಿಲ್ಲ. ಆದರೂ ಸೂಚನೆ ಕಂಡಾಗ ಬಯಕೆ ಏಳುವುದು, ಜಾಗ ಬದಲಾದರೆ ಅದು ತಗ್ಗುವುದು, ಒತ್ತಡದಿಂದ ಕೆರಳುವುದು, ಈ ಮೂರು ಸಂಗತಿಗಳು ಪ್ರಾಣಿಗಳಲ್ಲೂ ಮನುಷ್ಯರಲ್ಲೂ, ಮದ್ಯದಲ್ಲೂ ತಂಬಾಕಿನಲ್ಲೂ ಕಂಡಿವೆ. ಮಿದುಳಿಗೆ ಪೆಟ್ಟಾದ 69 ಧೂಮಪಾನಿಗಳ ಬಗ್ಗೆ 2007ರಲ್ಲಿ ಒಂದು ವರದಿ ಬಂತು. ಮೈಯೊಳಗಿನ ಸಂವೇದನೆಗಳನ್ನು ಗ್ರಹಿಸುವ ಇನ್ಸುಲ ಎಂಬ ಭಾಗಕ್ಕೆ ಅವರಲ್ಲಿ 19 ಮಂದಿಗೆ ಪೆಟ್ಟಾಗಿತ್ತು. ಅವರಲ್ಲಿ ಹಲವರು ಸಿಗರೇಟನ್ನು ಸಲೀಸಾಗಿ, ಮತ್ತೆ ಬಯಕೆಯೇ ಏಳದಂತೆ ಬಿಟ್ಟಿದ್ದರು. ಬಯಕೆ ಎಂಬುದು ಮೈಯ ನೆನಪು ಎಂದು ಇಲ್ಲಿ ಹಿರಿಯರೊಬ್ಬರು ಬಾಯಲ್ಲಿ ನೀರೂರಿದ, ಅಂಗೈ ಬೆವೆತ ಅನುಭವದಿಂದ ಹೇಳಿದ್ದನ್ನು ಆ ವರದಿ ಇನ್ನೊಂದು ದಿಕ್ಕಿನಿಂದ ಹೇಳುತ್ತದೆ.

ತುಂಗಾತೀರ:

ಇವನ್ನೆಲ್ಲ ಕಾಗದಕ್ಕೆ ಇಳಿಸಿ ಅಣ್ಣನಿಗೂ ಅತ್ತಿಗೆಗೂ ಓದಿ ಹೇಳಿದೆ. ವರ್ಷ ಕಳೆದವರಲ್ಲಿ ಮಿದುಳಿನ ಸ್ಪಂದನ ಕಡಿಮೆಯಾಗಿತ್ತು ಎಂಬ ವಾಕ್ಯವನ್ನು ಅಣ್ಣ ಎರಡು ಸಲ ಓದಿಸಿದ. ಅತ್ತಿಗೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ಆವತ್ತು ನೋಟ್‌ಬುಕ್ ತರಲು ಕಳಿಸಿದವಳು ನಾನೇ” ಎಂದು ಅತ್ತರು. ಅದು ಅವರ ತಪ್ಪಲ್ಲ, ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ ಎಂದು ಅಣ್ಣನೇ ಸಮಾಧಾನ ಹೇಳಿದ.

ಮರುದಿನ ಇಬ್ಬರೂ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಂಡು ಬಂದಿದ್ದಾರೆ. ಯಕೃತ್ತಿನ ಪರೀಕ್ಷೆಯ ವರದಿ ಸೋಮವಾರ ಸಿಗುತ್ತದೆ, ಔಷಧಿಯ ತೀರ್ಮಾನ ಅದಾದ ಮೇಲೆ. ಸಂಜೆ ಆರರಿಂದ ಎಂಟರವರೆಗೆ ಅಣ್ಣ ಪೇಟೆಯ ಕಡೆಗೆ ಒಬ್ಬನೇ ಹೋಗುವುದಿಲ್ಲ ಎಂದು ಅವನೇ ಬೆಳಿಗ್ಗೆ ಹೇಳಿದ. ಕೆಲಸದಿಂದ ಬರುವಾಗ ಬಸ್ ಸ್ಟ್ಯಾಂಡಿನವರೆಗೆ ಬರದೆ, ಒಂದು ಸ್ಟಾಪ್ ಮೊದಲೇ, ಶಾಲೆಯ ಹತ್ತಿರ ಇಳಿಯುತ್ತಾನೆ. ಅಲ್ಲಿಗೆ ಮಗಳು ಸೈಕಲ್ ತೆಗೆದುಕೊಂಡು ಹೋಗಿ ಕಾಯುತ್ತಾಳೆ, ಇಬ್ಬರೂ ಕೆರೆ ಏರಿಯ ಮೇಲಿಂದ ನಡೆದು ಬರುತ್ತಾರೆ. ಇವತ್ತಿಗೆ ಹನ್ನೆರಡು ದಿನವಾಯಿತು.